ದುಡ್ಡು ಕುಸಿದಾಗ ಹಿಟ್ಲರ್ ಹೇಗೆ ಬಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮಹಾಯುದ್ಧಗಳ ನಡುವಿನ ವರ್ಷಗಳ ಪಾಠ ಬಂದರೆ ನನ್ನ ತರಗತಿ ಸುಮ್ಮನೆ ಕೂರುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಬರುತ್ತದೆ. ಅವುಗಳಲ್ಲಿ ಪ್ರತಿ ವರ್ಷವೂ ತಪ್ಪದೆ ಬರುವುದನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಹೆಚ್ಚಿನವು ಜರ್ಮನಿಯ ಬಗ್ಗೆ. ತಪ್ಪು ತಿಳಿವಳಿಕೆಯೂ ಆ ಕಥೆಯಲ್ಲೇ ಜಾಸ್ತಿ.

ಹಿಟ್ಲರ್ ಬಂದದ್ದು ಹಣದುಬ್ಬರದಿಂದ ಅಲ್ವಾ? ತಳ್ಳುಗಾಡಿ ತುಂಬ ನೋಟು ಒಯ್ಯುತ್ತಿದ್ದ ಫೋಟೋ ನೋಡಿದ್ದೇವೆ.

ಆ ಫೋಟೋಗಳು 1923ರವು. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ನಡುವೆ ಸುಮಾರು ಹತ್ತು ವರ್ಷಗಳಿವೆ. ನೋಟಿಗೆ ಕಿಮ್ಮತ್ತೇ ಇಲ್ಲದಿದ್ದ 1923ರ ನವೆಂಬರ್‌ನಲ್ಲಿ ಅವನು ಮ್ಯೂನಿಕ್‌ನಲ್ಲಿ ದಂಗೆ ಎದ್ದದ್ದು ನಿಜ. ಮರುದಿನವೇ ಅದು ಮುರಿದುಬಿತ್ತು, ಅವನು ಜೈಲಿಗೆ ಹೋದ. 1928ರ ಚುನಾವಣೆಯಲ್ಲಿ ಅವನ ನಾತ್ಸಿ ಪಕ್ಷಕ್ಕೆ ಸಿಕ್ಕ ಮತ ಶೇ. 2.6 ಮಾತ್ರ.

ಅವನು ಮೇಲೆದ್ದದ್ದು 1930ರ ನಂತರ. ಆಗ ಇದ್ದದ್ದು ಹಣದುಬ್ಬರಕ್ಕೆ ಪೂರಾ ಉಲ್ಟಾ ಆದ ಸ್ಥಿತಿ. ಬೆಲೆಗಳು ಇಳಿಯುತ್ತಿದ್ದವು, ಸಂಬಳ ಇಳಿಯುತ್ತಿತ್ತು, ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದವು. ಅಂಗಡಿಯಲ್ಲಿ ಸಾಮಾನು ಇತ್ತು, ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ. ಈ ಎರಡು ಸಂಕಟಗಳನ್ನು ಒಂದೇ ಅಂದುಕೊಂಡರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಹಾಗಾದರೆ 1923ರಲ್ಲಿ ಆಗಿದ್ದೇನು?

ಜರ್ಮನಿ ಮೊದಲ ಮಹಾಯುದ್ಧವನ್ನು ಹೆಚ್ಚಾಗಿ ಸಾಲದ ದುಡ್ಡಿನಲ್ಲಿ ನಡೆಸಿತು. ಗೆದ್ದ ಮೇಲೆ ಸೋತವರಿಂದ ವಸೂಲಿ ಮಾಡೋಣ ಎಂಬ ಲೆಕ್ಕ ಅದು. ಸೋತದ್ದು ತಾನೇ. ಯುದ್ಧ ಮುಗಿದ ಮೇಲೂ ಸರ್ಕಾರ ಖರ್ಚಿಗೆ ನೋಟು ಮುದ್ರಿಸುತ್ತಲೇ ಹೋಯಿತು. 1923ರ ಜನವರಿಯಲ್ಲಿ, ಯುದ್ಧ ಪರಿಹಾರದ ಕಂತು ಸರಿಯಾಗಿ ಬರಲಿಲ್ಲವೆಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ರೂರ್ ಪ್ರದೇಶಕ್ಕೆ ನುಗ್ಗಿತು. ಅದು ಕಲ್ಲಿದ್ದಲು, ಉಕ್ಕಿನ ಸೀಮೆ. ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರ ಕೂಲಿಯನ್ನು ಸರ್ಕಾರ ಕೊಟ್ಟಿತು, ಅದೂ ಹೊಸ ನೋಟು ಮುದ್ರಿಸಿ. ಸರ್ಕಾರಿ ಮುದ್ರಣಾಲಯ ಸಾಲದೆ ನೂರಕ್ಕೂ ಹೆಚ್ಚು ಖಾಸಗಿ ಮುದ್ರಣಾಲಯಗಳು ಹಗಲು ರಾತ್ರಿ ನೋಟು ಅಚ್ಚು ಹಾಕಿದವು.

1914ರಲ್ಲಿ ಒಂದು ಡಾಲರ್‌ಗೆ 4.2 ಮಾರ್ಕ್ ಇತ್ತು. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಬರ್ಲಿನ್‌ನಲ್ಲಿ ಒಂದು ಬ್ರೆಡ್ಡಿಗೆ ಸುಮಾರು 20,000 ಕೋಟಿ ಮಾರ್ಕ್. ಸಂಬಳ ಕೈಗೆ ಬಂದ ಕೂಡಲೇ ಜನ ಅಂಗಡಿಗೆ ಓಡುತ್ತಿದ್ದರು. ಸಂಜೆಯವರೆಗೆ ಕಾದರೆ ಅದೇ ದುಡ್ಡಿಗೆ ಅರ್ಧ ಸಾಮಾನೂ ಬರುವ ಭರವಸೆ ಇರಲಿಲ್ಲ.

ಇಲ್ಲಿ ನಾನು ಮಕ್ಕಳಿಗೆ ಒಂದು ಮಾತು ಕೇಳುತ್ತೇನೆ. ಇದರಲ್ಲಿ ಮುಳುಗಿದವರು ಯಾರು? ಸಾಲ ಮಾಡಿದ್ದವರಲ್ಲ. ಜಮೀನು ಅಡವಿಟ್ಟಿದ್ದ ರೈತ ಒಂದು ಬುಟ್ಟಿ ಆಲೂಗಡ್ಡೆ ಮಾರಿ ಸಾಲ ತೀರಿಸಿಬಿಡಬಹುದಿತ್ತು. ದೊಡ್ಡ ಉದ್ಯಮಿಗಳ ಸಾಲವೂ ಹಾಗೇ ಕರಗಿತು. ಮುಳುಗಿದವರು ಕೂಡಿಟ್ಟವರು. ನಿವೃತ್ತ ಮೇಷ್ಟ್ರು, ವಿಧವೆಯರು, ಮಗಳ ಮದುವೆಗೆಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದ ಗುಮಾಸ್ತರು, ದೇಶಕ್ಕಾಗಿ ಅಂತ ಯುದ್ಧದ ಬಾಂಡ್ ಕೊಂಡಿದ್ದವರು. ಕಾನೂನು ಪಾಲಿಸಿ, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದವರಿಗೇ ಎಲ್ಲಕ್ಕಿಂತ ದೊಡ್ಡ ಪೆಟ್ಟು. ಸರ್ಕಾರದ ಮೇಲಿನ ಅವರ ನಂಬಿಕೆ ಆಗಲೇ ಒಡೆಯಿತು. ಅವರು ತಕ್ಷಣ ಹಿಟ್ಲರ್ ಕಡೆ ಹೋಗಲಿಲ್ಲ. ಆದರೆ ಹಳೆಯ ಪಕ್ಷಗಳಿಗೆ ಕಟ್ಟಿಕೊಂಡಿದ್ದ ಗಂಟು ಸಡಿಲವಾಯಿತು.

1923ರ ನವೆಂಬರ್ 15ಕ್ಕೆ ರೆಂಟೆನ್‌ಮಾರ್ಕ್ ಎಂಬ ಹೊಸ ಹಣ ಬಂತು. ಒಂದು ಹೊಸ ಮಾರ್ಕ್‌ಗೆ ಒಂದು ಲಕ್ಷ ಕೋಟಿ ಹಳೇ ಮಾರ್ಕ್. ಬೆಲೆಗಳು ನಿಂತವು.

ವರ್ಸೇ ಒಪ್ಪಂದದ ಪರಿಹಾರವೇ ಎಲ್ಲಕ್ಕೂ ಕಾರಣ ಅಂತಾರಲ್ಲ?

ವರ್ಸೇ ಅಂದರೆ ಮೊದಲ ಮಹಾಯುದ್ಧ ಸೋತ ಜರ್ಮನಿ ಗೆದ್ದವರೊಂದಿಗೆ ಮಾಡಿಕೊಂಡ ಶಾಂತಿ ಒಪ್ಪಂದ. ಅದರಂತೆ ಕಟ್ಟಬೇಕಾದ ಪರಿಹಾರವೆಂದು 1921ರಲ್ಲಿ ನಿಗದಿಯಾದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್. ಕೇಳಿದರೇ ಎದೆ ಒಡೆಯುವಂಥ ಸಂಖ್ಯೆ. ಆದರೆ ಅದರಲ್ಲಿ ದೊಡ್ಡ ಪಾಲನ್ನು ನಿಜವಾಗಿ ವಸೂಲಿ ಮಾಡುವ ಆಸೆ ಗೆದ್ದ ಮಿತ್ರದೇಶಗಳಿಗೂ ಅಷ್ಟಾಗಿ ಇರಲಿಲ್ಲ. 1924ರ ಡಾವ್ಸ್ ಯೋಜನೆ, 1929ರ ಯಂಗ್ ಯೋಜನೆ ಅದನ್ನು ಸಡಿಲಿಸಿದವು. 1932ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿ ಅದು ಹೆಚ್ಚುಕಡಿಮೆ ಮುಗಿದೇಹೋಯಿತು. ಅಂದರೆ ಹಿಟ್ಲರ್ ಅಧಿಕಾರಕ್ಕೆ ಬರುವ ಹೊತ್ತಿಗೆ ಪರಿಹಾರದ ಹೊರೆ ಇರಲಿಲ್ಲ. ಹೊರೆಗಿಂತ ಅವಮಾನ ದೊಡ್ಡದಾಗಿತ್ತು, ಆ ಅವಮಾನವನ್ನು ಭಾಷಣಕ್ಕೆ ಬಳಸುವುದು ಸುಲಭವಾಗಿತ್ತು.

ನ್ಯೂಯಾರ್ಕ್‌ನಲ್ಲಿ ಷೇರು ಬಿದ್ದರೆ ಬರ್ಲಿನ್‌ನಲ್ಲಿ ಯಾಕೆ ಕೆಲಸ ಹೋಗಬೇಕು?

1924ರಿಂದ ಜರ್ಮನಿ ನಡೆದದ್ದು ಅಮೆರಿಕದ ಸಾಲದ ಮೇಲೆ. ಅಮೆರಿಕದವರು ಸಾಲ ಕೊಟ್ಟರು, ಜರ್ಮನಿ ಅದರಿಂದ ಫ್ರಾನ್ಸ್, ಬ್ರಿಟನ್‌ಗೆ ಪರಿಹಾರ ಕಟ್ಟಿತು, ಅವರು ಅದೇ ದುಡ್ಡಿನಿಂದ ಅಮೆರಿಕಕ್ಕೆ ತಮ್ಮ ಯುದ್ಧ ಸಾಲ ತೀರಿಸಿದರು. ಈ ಸುತ್ತು ತಿರುಗುತ್ತಿರುವವರೆಗೆ ಎಲ್ಲರಿಗೂ ಕ್ಷೇಮ. ಆದರೆ ಸಾಲದಲ್ಲಿ ದೊಡ್ಡ ಪಾಲು ಕೆಲವೇ ತಿಂಗಳ ಅವಧಿಯದು. ಜರ್ಮನಿಯ ನಗರಸಭೆಗಳು ಆ ದುಡ್ಡಿನಲ್ಲಿ ಮನೆ, ಆಸ್ಪತ್ರೆ, ಈಜುಕೊಳ ಕಟ್ಟುತ್ತಿದ್ದವು. ಕಟ್ಟಡ ನೂರು ವರ್ಷ ನಿಲ್ಲುವಂಥದ್ದು, ಸಾಲ ಮೂರು ತಿಂಗಳದ್ದು.

1929ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಕುಸಿದಾಗ ಸಾಲ ಕೊಟ್ಟವರು ವಾಪಸ್ ಕೇಳಿದರು. ಬೇರೆ ದೇಶಗಳು ಆಮದು ಸುಂಕ ಏರಿಸಿದ್ದರಿಂದ ಜರ್ಮನಿಯ ಯಂತ್ರಗಳು ಮಾರಾಟವಾಗಲಿಲ್ಲ. 1929ರ ಸೆಪ್ಟೆಂಬರ್‌ನಲ್ಲಿ ಸುಮಾರು 13 ಲಕ್ಷ ಇದ್ದ ನಿರುದ್ಯೋಗಿಗಳ ಸಂಖ್ಯೆ 1932ರ ಆರಂಭಕ್ಕೆ 60 ಲಕ್ಷ ದಾಟಿತು. ಇದು ಹೆಸರು ಬರೆಸಿದವರ ಲೆಕ್ಕ ಮಾತ್ರ.

ಸರ್ಕಾರ ಏನೂ ಮಾಡಲಿಲ್ಲವಾ?

ಮಾಡಿತು. ಮಾಡಿದ್ದೇ ಗಾಯಕ್ಕೆ ಉಪ್ಪು ಸವರಿದಂತಾಯಿತು. ಈ ಪ್ರಶ್ನೆಯ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನನ್ನ ಪ್ರಕಾರ ಇಡೀ ಕಥೆ ತಿರುಗುವುದು ಇಲ್ಲೇ.

1930ರ ಮಾರ್ಚ್‌ನಲ್ಲಿ ಅಲ್ಲಿ ಬಹುಮತವಿದ್ದ ಮೈತ್ರಿ ಸರ್ಕಾರ ಇತ್ತು. ಅದು ಬಿದ್ದದ್ದು ನಿರುದ್ಯೋಗ ವಿಮೆಯ ಕಂತಿನ ಜಗಳದಲ್ಲಿ. ಕೆಲಸ ಕಳೆದುಕೊಂಡವರ ಭತ್ಯೆಗೆ ದುಡ್ಡು ಸಾಲದೆ ಬಂದಾಗ, ಕಂತು ಏರಿಸಬೇಕೋ ಭತ್ಯೆ ಕಡಿಮೆ ಮಾಡಬೇಕೋ ಎಂಬುದರಲ್ಲಿ ಪಕ್ಷಗಳು ಒಂದಾಗಲಿಲ್ಲ. ಅಂತರ ಸಂಬಳದ ಶೇ. ಅರ್ಧದ ಆಸುಪಾಸಿನದು. ಅಷ್ಟು ಸಣ್ಣ ಮೊತ್ತಕ್ಕೆ ಸಂಸತ್ತಿನ ಕೊನೆಯ ಬಹುಮತ ಹೋಯಿತು. ಇದನ್ನು ಹೇಳುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಆಮೇಲೆ ಬಂದ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಹೈನ್‌ರಿಶ್ ಬ್ರೂನಿಂಗ್. ಅವರಿಗೆ ಸಂಸತ್ತಿನಲ್ಲಿ ಬಹುಮತವಿರಲಿಲ್ಲ. ಸಂವಿಧಾನದ 48ನೇ ವಿಧಿ ಬಳಸಿ, ಅಧ್ಯಕ್ಷ ಹಿಂಡೆನ್‌ಬರ್ಗ್ ಸಹಿಯ ತುರ್ತು ಆಜ್ಞೆಗಳಿಂದ ಆಡಳಿತ ನಡೆಸಿದರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಸುಗ್ರೀವಾಜ್ಞೆಯ ರಾಜ್ಯಭಾರ. ಸರ್ಕಾರಿ ನೌಕರರ ಸಂಬಳ ಒಂದಾದ ಮೇಲೊಂದು ಕಂತಿನಲ್ಲಿ ಕಡಿತವಾಯಿತು. ಪಿಂಚಣಿ, ಭತ್ಯೆ ಇಳಿದವು, ತೆರಿಗೆ ಏರಿತು. 1931ರ ಡಿಸೆಂಬರ್‌ನ ಒಂದು ಆಜ್ಞೆ ಕಾರ್ಮಿಕರ ಕೂಲಿಯನ್ನೇ 1927ರ ಜನವರಿಯ ಮಟ್ಟಕ್ಕೆ ಇಳಿಸಿತು. ಜನ ಅವರನ್ನು ಹಸಿವಿನ ಚಾನ್ಸಲರ್ ಎಂದು ಕರೆದರು.

ಅವರು ಕಟುಕರೇನಲ್ಲ. ಅವರ ಕೈ ಕಟ್ಟಿದ್ದವು ಎರಡು. ಮೊದಲನೆಯದು ಚಿನ್ನ. ಮಾರ್ಕ್ ಚಿನ್ನಕ್ಕೆ ಕಟ್ಟಿಹಾಕಿಕೊಂಡಿತ್ತು, ಅಂದರೆ ನೋಟಿನ ಹಿಂದೆ ಇಷ್ಟು ಚಿನ್ನ ಇರಲೇಬೇಕಿತ್ತು, ಬೇಕಾದಷ್ಟು ನೋಟು ಹೊರಡಿಸಲು ಒಪ್ಪಂದಗಳು ಬಿಡುತ್ತಿರಲಿಲ್ಲ. ಎರಡನೆಯದು 1923ರ ನೆನಪು. ಖರ್ಚು ಜಾಸ್ತಿ ಮಾಡೋಣ ಅಂದ ಕೂಡಲೇ ಜನರಿಗೂ ಅಧಿಕಾರಿಗಳಿಗೂ ತಳ್ಳುಗಾಡಿ ನೆನಪಾಗುತ್ತಿತ್ತು. ಹಣದುಬ್ಬರ ಹಿಟ್ಲರ್‌ಗೆ ನೆರವಾದದ್ದು ಹೀಗೆ, ಬಳಸುದಾರಿಯಲ್ಲಿ. ಇವುಗಳ ಜೊತೆಗೆ, ನಾವು ಪರಿಹಾರ ಕಟ್ಟಲಾರೆವು ಎಂದು ಜಗತ್ತಿಗೆ ತೋರಿಸುವ ಆಸೆಯೂ ಬ್ರೂನಿಂಗ್‌ಗೆ ಇತ್ತು.

ಅವರ ದೊಡ್ಡ ತಪ್ಪು 1930ರ ಜುಲೈನದು. ಸಂಸತ್ತು ಅವರ ಆಜ್ಞೆಯನ್ನು ತಿರಸ್ಕರಿಸಿತು. ಅವರು ಸಂಸತ್ತನ್ನೇ ವಿಸರ್ಜಿಸಿ, ಎರಡು ವರ್ಷ ಮುಂಚೆಯೇ ಚುನಾವಣೆಗೆ ಹೋದರು. ಸೆಪ್ಟೆಂಬರ್ 14ರಂದು ನಾತ್ಸಿಗಳ 12 ಸ್ಥಾನ 107 ಆಯಿತು.

ಅಲ್ಲಿಂದ ಸಂಸತ್ತಿಗೆ ಕೆಲಸವೇ ಉಳಿಯಲಿಲ್ಲ. 1932ರಲ್ಲಿ ಅದು ಮಾಡಿದ ಕಾನೂನು ಬರೀ 5. ಅಧ್ಯಕ್ಷರ ಆಜ್ಞೆಗಳು ಅದರ ಹತ್ತು ಪಟ್ಟಿಗಿಂತ ಹೆಚ್ಚು. ಸರ್ವಾಧಿಕಾರಿ ಬರುವ ಮೊದಲೇ ಜನ ಸಂಸತ್ತಿಲ್ಲದ ಆಡಳಿತಕ್ಕೆ ಒಗ್ಗಿಹೋಗಿದ್ದರು.

1931ರಲ್ಲಿ ಬ್ಯಾಂಕುಗಳು ಮುಳುಗಿದ್ದು ಹೇಗೆ?

ಮೇ ತಿಂಗಳಲ್ಲಿ ವಿಯೆನ್ನಾದ ಕ್ರೆಡಿಟ್‌ಆನ್‌ಸ್ಟಾಲ್ಟ್, ಆಸ್ಟ್ರಿಯಾದ ಅತಿ ದೊಡ್ಡ ಬ್ಯಾಂಕ್, ಕುಸಿಯಿತು. ಗಾಬರಿ ಗಡಿ ದಾಟಿತು. ಜುಲೈ 13ರಂದು ಜರ್ಮನಿಯ ಡಾನಾಟ್ ಬ್ಯಾಂಕ್ ಬಾಗಿಲು ಹಾಕಿತು, ಸರ್ಕಾರ ಉಳಿದ ಬ್ಯಾಂಕುಗಳನ್ನೂ ಕೆಲವು ದಿನ ಮುಚ್ಚಿಸಿತು. ಎಂಟು ವರ್ಷದೊಳಗೆ ಎರಡನೇ ಸಲ ಜನರ ಉಳಿತಾಯಕ್ಕೆ ಕುತ್ತು ಬಂತು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಕಟ್ಟು ಬಿಡಿಸಿಕೊಂಡಿತು. ಜರ್ಮನಿ ಬಿಡಿಸಿಕೊಳ್ಳಲಿಲ್ಲ.

ಕೆಲಸ ಕಳೆದುಕೊಂಡವರೇ ಹಿಟ್ಲರ್‌ಗೆ ವೋಟು ಹಾಕಿದರು, ಸರಿನಾ?

ಹಾಗೆ ಅನ್ನಿಸುವುದು ಸಹಜ. ಮತದಾನದ ಅಂಕಿ ನೋಡಿದರೆ ಚಿತ್ರ ಬೇರೆ. ನಗರದ ನಿರುದ್ಯೋಗಿ ಕಾರ್ಮಿಕರು ಹೆಚ್ಚಾಗಿ ಕಮ್ಯುನಿಸ್ಟರ ಕಡೆ ಹೋದರು. ಹಿಟ್ಲರ್ ಕಡೆ ವಾಲಿದವರಲ್ಲಿ ಸಣ್ಣ ಅಂಗಡಿಯವರು, ಕುಶಲಕರ್ಮಿಗಳು, ಗುಮಾಸ್ತರು, ಪಿಂಚಣಿದಾರರು ಬಹಳ. ಮುಖ್ಯವಾಗಿ ಉತ್ತರದ ಪ್ರೊಟೆಸ್ಟೆಂಟ್ ಹಳ್ಳಿಗಳ ರೈತರು. ಕ್ಯಾಥೊಲಿಕ್ಕರಿಗೆ ತಮ್ಮದೇ ಸೆಂಟರ್ ಪಕ್ಷ ಇತ್ತು, ಅಲ್ಲಿ ಹಿಟ್ಲರ್‌ಗೆ ಮತ ಕಡಿಮೆ. ಹಿಟ್ಲರ್ ಕಡೆ ವಾಲಿದವರಲ್ಲಿ ಹೆಚ್ಚಿನವರು ಇನ್ನೂ ಬಿದ್ದಿರಲಿಲ್ಲ. ನಾಳೆ ತಾವೂ ಬೀಳುತ್ತೇವೆ ಎಂದು ಹೆದರಿದ್ದರು.

ಶ್ಲೆಸ್‌ವಿಗ್-ಹೋಲ್‌ಸ್ಟೈನ್ ನೋಡಿ. ಡೆನ್ಮಾರ್ಕ್ ಗಡಿಗೆ ಹತ್ತಿದ ರೈತರ ಸೀಮೆ. ಅಲ್ಲಿ ಹಂದಿ, ದನ, ಧಾನ್ಯದ ಬೆಲೆ ನ್ಯೂಯಾರ್ಕ್ ಕುಸಿತಕ್ಕಿಂತ ಮೊದಲೇ ಬಿದ್ದಿತ್ತು. ಸಾಲ ಕಟ್ಟದವರ ಜಮೀನು ಹರಾಜಿಗೆ ಬಂತು. 1928-29ರಲ್ಲಿ ರೈತರು ಕಪ್ಪು ಬಾವುಟ ಹಿಡಿದು ತೆರಿಗೆ ಕಟ್ಟುವುದಿಲ್ಲ ಅಂದರು, ಕೆಲವರು ಸರ್ಕಾರಿ ಕಚೇರಿಗಳಿಗೆ ಬಾಂಬ್ ಇಟ್ಟರು. 1928ರಲ್ಲಿ ಅಲ್ಲಿ ನಾತ್ಸಿಗಳಿಗೆ ಶೇ. 4 ಮತ. 1932ರ ಜುಲೈನಲ್ಲಿ ಶೇ. 51. ನಗರದ ನಾಯಕರು ಹಳ್ಳಿ ಕಡೆ ತಲೆ ಹಾಕದಿದ್ದಾಗ ನಾತ್ಸಿ ಭಾಷಣಕಾರರು ಊರೂರಿಗೆ ಹೋಗಿ ಹಾಲಿನ ದರದ ಬಗ್ಗೆ, ಬಡ್ಡಿಯ ಬಗ್ಗೆ ಮಾತಾಡಿದರು.

ಒಂದು ವಿಷಯ ಮಾತ್ರ ನಿಜ. ಕೆಲಸವಿಲ್ಲದ ಹುಡುಗರು ನಾತ್ಸಿಗಳ ಕಂದು ಅಂಗಿಯ ಪಡೆಗೆ ಬಹಳ ಸೇರಿದರು. ಅಲ್ಲಿ ಬಿಸಿ ಸೂಪು ಸಿಗುತ್ತಿತ್ತು, ಮಲಗಲು ಜಾಗ, ತೊಡಲು ಸಮವಸ್ತ್ರ, ಬೀದಿಯಲ್ಲಿ ಬಡಿದಾಡಲು ಜೊತೆಗಾರರು ಸಿಗುತ್ತಿದ್ದರು.

ಯಹೂದಿಗಳ ಮೇಲೆ ಕೋಪ ಯಾಕೆ ತಿರುಗಿತು?

ಜರ್ಮನಿಯ ಜನಸಂಖ್ಯೆಯಲ್ಲಿ ಅವರು ಶೇ. 1ಕ್ಕಿಂತ ಕಡಿಮೆ. ನೋಟು ಮುದ್ರಿಸಿದ್ದು ಅವರಲ್ಲ, ಸಂಬಳ ಕಡಿತ ಮಾಡಿದ್ದೂ ಅವರಲ್ಲ. ಯಹೂದಿ ದ್ವೇಷ ಯೂರೋಪಿನಲ್ಲಿ ಶತಮಾನಗಳ ಹಳೆಯದು. ಸಂಕಟಕ್ಕೆ ಒಂದು ಮುಖ ಬೇಕಿದ್ದವರಿಗೆ ನಾತ್ಸಿಗಳು ಆ ಹಳೇ ದ್ವೇಷವನ್ನು ಹೊಸ ಕಾರಣ ಕಟ್ಟಿ ಕೊಟ್ಟರು. ಎಲ್ಲ ಮತದಾರರೂ ಅದಕ್ಕಾಗಿಯೇ ವೋಟು ಹಾಕಲಿಲ್ಲ. ಆದರೆ ಅದು ಕಿವಿಗೆ ಬಿದ್ದೂ ವೋಟು ಹಾಕಿದರು. ಈ ಎರಡನೆಯ ಮಾತನ್ನು ಮಕ್ಕಳಿಗೆ ಹೇಳದೆ ನಾನು ಮುಂದೆ ಹೋಗುವುದಿಲ್ಲ.

ಎಡಪಕ್ಷಗಳು ಒಂದಾಗಿದ್ದರೆ ತಡೆಯಬಹುದಿತ್ತಾ?

1932ರ ನವೆಂಬರ್‌ನಲ್ಲಿ ಕಾರ್ಮಿಕರ ಮಿತವಾದಿ ಎಡಪಕ್ಷವಾದ ಸೋಷಿಯಲ್ ಡೆಮಾಕ್ರಟರಿಗೆ 121 ಸ್ಥಾನ, ಕಮ್ಯುನಿಸ್ಟರಿಗೆ 100. ಸೇರಿಸಿದರೆ ನಾತ್ಸಿಗಳ 196ಕ್ಕಿಂತ ಜಾಸ್ತಿ. ಆದರೆ ಮಾಸ್ಕೋದ ಮಾತು ಕೇಳಿ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರನ್ನೇ ದೊಡ್ಡ ಶತ್ರು ಅಂದುಕೊಂಡಿದ್ದರು. 1919ರಲ್ಲಿ ಸೋಷಿಯಲ್ ಡೆಮಾಕ್ರಟರ ಸರ್ಕಾರ ತಮ್ಮವರ ರಕ್ತ ಹರಿಸಿದ್ದನ್ನೂ ಮರೆತಿರಲಿಲ್ಲ. ಒಂದಾಗಿದ್ದರೂ ಬಹುಮತ ಆಗುತ್ತಿರಲಿಲ್ಲ. ಬೀದಿಯಲ್ಲಿ, ಕಾರ್ಖಾನೆಯಲ್ಲಿ ಮಾತ್ರ ಬಲ ಬರುತ್ತಿತ್ತು.

ಹಿಟ್ಲರ್‌ನನ್ನು ಜನರೇ ಬಹುಮತದಿಂದ ಆರಿಸಿದ್ದಲ್ವಾ?

ಇಲ್ಲ. ಮುಕ್ತ ಚುನಾವಣೆಯಲ್ಲಿ ಅವನಿಗೆ ಸಿಕ್ಕ ಅತಿ ಹೆಚ್ಚು ಮತ 1932ರ ಜುಲೈನ ಶೇ. 37.3. ನವೆಂಬರ್‌ನಲ್ಲಿ ಅದು ಶೇ. 33.1ಕ್ಕೆ ಇಳಿಯಿತು. ಪಕ್ಷದ ಖಜಾನೆ ಖಾಲಿಯಾಗಿತ್ತು. ಕುಸಿತವೂ ತಳ ಮುಟ್ಟಿತ್ತು. ಇನ್ನೊಂದು ವರ್ಷ ಕಾದಿದ್ದರೆ ಏನಾಗುತ್ತಿತ್ತೋ ಅನ್ನಿಸುತ್ತದೆ.

ಬಾಗಿಲು ತೆರೆದದ್ದು ಮೇಲಿನವರು. ಮಾಜಿ ಚಾನ್ಸಲರ್ ಫ್ರಾಂಜ್ ಫಾನ್ ಪಾಪೆನ್‌ಗೆ ತನ್ನನ್ನು ಕೆಳಗಿಳಿಸಿ ಚಾನ್ಸಲರ್ ಆದ ಜನರಲ್ ಶ್ಲೈಶರ್ ಮೇಲೆ ಸೇಡು. 1933ರ ಜನವರಿ 4ರಂದು ಕಲೋನ್‌ನಲ್ಲಿ ಒಬ್ಬ ಬ್ಯಾಂಕರ್ ಮನೆಯಲ್ಲಿ ಪಾಪೆನ್ ಹಿಟ್ಲರ್‌ನನ್ನು ಭೇಟಿಯಾದರು. ಹಿಟ್ಲರ್ ಚಾನ್ಸಲರ್ ಆಗಲಿ, ಮಂತ್ರಿಮಂಡಲದಲ್ಲಿ ಅವನನ್ನೂ ಸೇರಿಸಿ ನಾತ್ಸಿಗಳು ಮೂವರೇ ಇರಲಿ, ಲಗಾಮು ನಮ್ಮ ಕೈಲಿರುತ್ತದೆ ಎಂಬುದು ಅವರ ಲೆಕ್ಕ. 85 ವರ್ಷದ ಹಿಂಡೆನ್‌ಬರ್ಗ್ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ 48ನೇ ವಿಧಿಯ ಆಜ್ಞೆ ಬಂತು. ಬ್ರೂನಿಂಗ್ ಸಂಬಳ ಕಡಿತಕ್ಕೆ ಬಳಸಿದ್ದ ಅದೇ ವಿಧಿ. ಈ ಸಲ ಹೋದದ್ದು ಪತ್ರಿಕೆ, ಸಭೆ, ಬಂಧನದಿಂದ ರಕ್ಷಣೆ ಎಲ್ಲವೂ. ಇಷ್ಟೆಲ್ಲ ಆದ ಮೇಲೂ ಮಾರ್ಚ್ 5ರ ಚುನಾವಣೆಯಲ್ಲಿ ನಾತ್ಸಿಗಳಿಗೆ ಸಿಕ್ಕದ್ದು ಶೇ. 43.9. ಮಾರ್ಚ್ 23ರಂದು, ಕಂದು ಅಂಗಿಯವರು ಸುತ್ತುವರಿದಿದ್ದ ಸಭಾಂಗಣದಲ್ಲಿ, ಕಾನೂನು ಮಾಡುವ ಅಧಿಕಾರವನ್ನೇ ಹಿಟ್ಲರ್ ಸರ್ಕಾರಕ್ಕೆ ಒಪ್ಪಿಸುವ ಮಸೂದೆ 444 ಮತಗಳಿಂದ ಪಾಸಾಯಿತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಡಲಿಲ್ಲ. ಅಲ್ಲಿದ್ದ 94 ಸೋಷಿಯಲ್ ಡೆಮಾಕ್ರಟರೂ ವಿರುದ್ಧ ಮತ ಹಾಕಿದರು. ಅವರ ನಾಯಕ ಓಟ್ಟೋ ವೆಲ್ಸ್ ಎದ್ದು ನಿಂತು ಹಿಟ್ಲರ್ ಎದುರೇ ಮಾತಾಡಿದರು.

ದೊಡ್ಡ ಉದ್ಯಮಿಗಳು ದುಡ್ಡು ಕೊಟ್ಟು ತಂದರಂತೆ?

ಬಹುಪಾಲು ಉದ್ಯಮಿಗಳು ಮೊದಲು ಬೇರೆ ಬಲಪಕ್ಷಗಳನ್ನು ನಂಬಿದ್ದರು. ಧಾರಾಳ ದುಡ್ಡು ಬಂದದ್ದು ಅವನು ಕುರ್ಚಿ ಏರಿದ ಮೇಲೆ, 1933ರ ಫೆಬ್ರವರಿ 20ರ ಸಭೆಯಲ್ಲಿ. ಅವರು ಅವನನ್ನು ತಂದರು ಅನ್ನುವುದಕ್ಕಿಂತ, ಸಂಸತ್ತು, ಕಾರ್ಮಿಕ ಸಂಘಗಳು ಹೋಗಲಿ ಎಂದು ಅವರಲ್ಲಿ ಬಹಳ ಮಂದಿ ಕಾದಿದ್ದರು ಅನ್ನುವುದು ಸರಿ.

ಮುಸೊಲಿನಿ ಕಥೆಯೂ ಇದೇನಾ?

ಇಟಲಿಯಲ್ಲಿ ಅದು ಹತ್ತು ವರ್ಷ ಮೊದಲೇ ನಡೆಯಿತು. 1929ರ ಕುಸಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಯುದ್ಧ ಗೆದ್ದ ಬಣದಲ್ಲಿದ್ದರೂ ಇಟಲಿ ಸಾಲದಲ್ಲಿ ಮುಳುಗಿತ್ತು, ಬೆಲೆ ಏರಿತ್ತು, ಸೈನ್ಯದಿಂದ ಬಂದವರಿಗೆ ಕೆಲಸವಿರಲಿಲ್ಲ. 1920ರಲ್ಲಿ ಕಾರ್ಮಿಕರು ಕಾರ್ಖಾನೆಗಳನ್ನೇ ವಶಕ್ಕೆ ತೆಗೆದುಕೊಂಡರು. ಹೆದರಿದ ಉತ್ತರ ಇಟಲಿಯ ಪೋ ಕಣಿವೆಯ ಜಮೀನ್ದಾರರು ಮುಸೊಲಿನಿಯ ಫ್ಯಾಸಿಸ್ಟರ ಕಪ್ಪು ಅಂಗಿಯ ಗುಂಪುಗಳಿಗೆ ದುಡ್ಡು, ಲಾರಿ ಕೊಟ್ಟರು. ಆ ಗುಂಪುಗಳು ಕೂಲಿಕಾರರ ಸಂಘದ ಕಚೇರಿಗಳಿಗೆ ಬೆಂಕಿ ಇಟ್ಟವು. 1921ರ ಚುನಾವಣೆಯಲ್ಲಿ ಫ್ಯಾಸಿಸ್ಟರಿಗೆ ಸಿಕ್ಕದ್ದು 35 ಸ್ಥಾನ ಮಾತ್ರ. 1922ರ ಅಕ್ಟೋಬರ್‌ನಲ್ಲಿ ಅವರು ರೋಮ್ ಕಡೆ ಹೊರಟಾಗ ರಾಜ ಸೇನಾಡಳಿತದ ಆದೇಶಕ್ಕೆ ಸಹಿ ಹಾಕಲಿಲ್ಲ. ಮುಸೊಲಿನಿ ಮಿಲಾನ್‌ನಿಂದ ರೈಲಿನಲ್ಲಿ ಬಂದು ಪ್ರಧಾನಿಯಾದ.

ಜಪಾನ್ ಬಗ್ಗೆ ಯಾರೂ ಹೇಳುವುದಿಲ್ಲವಲ್ಲ?

ಹೇಳಬೇಕು, ನಮಗೂ ಅದಕ್ಕೂ ರೇಷ್ಮೆಯ ನಂಟಿದೆ. ಜಪಾನಿನ ರೈತ ಕುಟುಂಬಗಳಲ್ಲಿ ಸುಮಾರು ಐದರಲ್ಲಿ ಎರಡು ರೇಷ್ಮೆ ಹುಳು ಸಾಕುತ್ತಿದ್ದವು. ಆ ರೇಷ್ಮೆ ಕೊಳ್ಳುತ್ತಿದ್ದದ್ದು ಅಮೆರಿಕ. ಕುಸಿತ ಬಂದಾಗ ಅಮೆರಿಕದಲ್ಲಿ ಕೊಳ್ಳುವವರಿಲ್ಲ. ಅದೇ ಹೊತ್ತಿಗೆ, 1930ರ ಜನವರಿಯಲ್ಲಿ, ಜಪಾನ್ ಸರ್ಕಾರ ತನ್ನ ಯೆನ್ ಅನ್ನು ಹಳೇ ದರದಲ್ಲಿ ಚಿನ್ನಕ್ಕೆ ಕಟ್ಟಿತು. ಬೆಲೆ ನೆಲಕಚ್ಚಿತು. ಬಡತನ ತಾಳಲಾರದೆ ಹೆಣ್ಣುಮಕ್ಕಳನ್ನು ಮಾರಿದ ಹಳ್ಳಿಗಳಿದ್ದವು. ಸೈನ್ಯದಲ್ಲಿದ್ದ ಹುಡುಗರು ಆ ಹಳ್ಳಿಗಳವರೇ. 1931ರ ಸೆಪ್ಟೆಂಬರ್‌ನಲ್ಲಿ ಸೇನಾಧಿಕಾರಿಗಳು ಸರ್ಕಾರವನ್ನು ಕೇಳದೆ ಚೀನಾದ ಮಂಚೂರಿಯಾಕ್ಕೆ ನುಗ್ಗಿದರು. 1932ರ ಮೇ 15ರಂದು ಯುವ ನೌಕಾಧಿಕಾರಿಗಳು ಪ್ರಧಾನಿ ಇನುಕಾಯಿ ಅವರನ್ನು ಕೊಂದರು.

ಹಣಕಾಸು ಮಂತ್ರಿ ತಕಹಾಶಿ ಚಿನ್ನದ ಕಟ್ಟು ಬಿಡಿಸಿ, ಖರ್ಚು ಹೆಚ್ಚಿಸಿ, ಬೇರೆಲ್ಲರಿಗಿಂತ ಬೇಗ ದೇಶವನ್ನು ಮೇಲೆತ್ತಿದರು. ಆಮೇಲೆ ಸೈನ್ಯದ ಖರ್ಚಿಗೆ ಕಡಿವಾಣ ಹಾಕಲು ಹೋದಾಗ, 1936ರ ಫೆಬ್ರವರಿ 26ರಂದು, ಅವರನ್ನೂ ಕೊಂದರು. ಆರ್ಥಿಕತೆ ಸುಧಾರಿಸಿದರೂ ಬಂದೂಕು ಒಮ್ಮೆ ಹೊರಬಂದ ಮೇಲೆ ಒಳಗೆ ಹೋಗಲಿಲ್ಲ.

ಯೆನ್ ಅಗ್ಗವಾದಾಗ ಜಪಾನಿನ ಅಗ್ಗದ ರೇಷ್ಮೆ ಭಾರತಕ್ಕೂ ಹರಿದುಬಂತು, ಮೈಸೂರು ಸಂಸ್ಥಾನದ ರೇಷ್ಮೆ ಬೆಳೆಗಾರರು ನಲುಗಿದರು. ಬೆಲೆ ಬಿದ್ದ ಅದೇ ವರ್ಷಗಳಲ್ಲಿ ನಮ್ಮ ಅಂಕೋಲಾ, ಸಿದ್ದಾಪುರದ ರೈತರೂ ಕರ ಕಟ್ಟುವುದಿಲ್ಲ ಅಂದರು, ಜಮೀನು ಮುಟ್ಟುಗೋಲಾದರೂ ಜಗ್ಗಲಿಲ್ಲ. ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರೈತರ ಮಾತೂ ಅದೇ ಆಗಿತ್ತು. ಇಲ್ಲಿ ಅದು ಗಾಂಧೀಜಿಯ ಅಹಿಂಸೆಯ ಚಳವಳಿಯೊಳಗೆ ನಡೆಯಿತು. ಜರ್ಮನಿಯ ಆ ರೈತರ ಊರಿಗೆ ಬಂದವರು ನಾತ್ಸಿಗಳು.

ಎಲ್ಲ ದೇಶಗಳಲ್ಲೂ ಕುಸಿತ ಇತ್ತಲ್ಲ, ಎಲ್ಲೆಡೆ ಹಿಟ್ಲರ್ ಯಾಕೆ ಬರಲಿಲ್ಲ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. 1933ರಲ್ಲಿ ಅಮೆರಿಕದ ದುಡಿಯುವವರಲ್ಲಿ ಕಾಲು ಭಾಗಕ್ಕೆ ಕೆಲಸವಿರಲಿಲ್ಲ. ಸಂಕಟ ಜರ್ಮನಿಗಿಂತ ಕಡಿಮೆಯೇನಲ್ಲ. ರೂಸ್‌ವೆಲ್ಟ್ ಅಧ್ಯಕ್ಷರಾಗಿ ಬಂದು ಬ್ಯಾಂಕುಗಳನ್ನು ಸರಿಪಡಿಸಿದರು, ಚಿನ್ನದ ಕಟ್ಟು ಬಿಟ್ಟರು, ಸರ್ಕಾರದಿಂದಲೇ ಕೆಲಸ ಕೊಟ್ಟರು.

ಡೆನ್ಮಾರ್ಕ್‌ನ ಕಥೆಯನ್ನು ನಾನು ತಪ್ಪದೆ ಹೇಳುತ್ತೇನೆ. ಬರ್ಲಿನ್‌ನಲ್ಲಿ ಹಿಟ್ಲರ್ ಪ್ರಮಾಣವಚನ ತೆಗೆದುಕೊಂಡ ಅದೇ ದಿನ, 1933ರ ಜನವರಿ 30ರಂದು, ಕೋಪನ್‌ಹೇಗನ್‌ನಲ್ಲಿ ಪ್ರಧಾನಿ ಸ್ಟಾವ್ನಿಂಗ್ ಅವರ ಮನೆಯಲ್ಲಿ ರಾತ್ರಿಯಿಡೀ ಕೂತ ಪಕ್ಷಗಳು ಒಂದು ಒಪ್ಪಂದಕ್ಕೆ ಬಂದವು. ಕಾರ್ಮಿಕರ ಪಕ್ಷಕ್ಕೆ ಬಡವರ ನೆರವು, ಕೆಲಸದ ಯೋಜನೆ ಸಿಕ್ಕಿತು. ರೈತರ ಪಕ್ಷಕ್ಕೆ ಹಣದ ಮೌಲ್ಯ ಇಳಿಕೆ, ರೈತರಿಗೆ ನೆರವು ಸಿಕ್ಕಿತು. ಶ್ಲೆಸ್‌ವಿಗ್-ಹೋಲ್‌ಸ್ಟೈನ್ ಗಡಿಯ ಆಚೆ ಬದಿಯ ರೈತರೂ ಅದೇ ಹಂದಿ, ಅದೇ ಬೆಣ್ಣೆ ಮಾರುತ್ತಿದ್ದವರು. ಅವರ ಮಾತನ್ನು ಸಂಸತ್ತಿನೊಳಗೆ ಕೇಳುವವರಿದ್ದರು. ಅದೇ ವರ್ಷದ ಮೇನಲ್ಲಿ ಸ್ವೀಡನ್‌ನಲ್ಲೂ ಕಾರ್ಮಿಕರ ಪಕ್ಷ, ರೈತರ ಪಕ್ಷ ಕೊಟ್ಟು ತೆಗೆದುಕೊಂಡು ಒಂದಾದವು. ಅಲ್ಲಿನ ಜನ ಅದಕ್ಕೆ ಹಸು ವ್ಯಾಪಾರ ಎಂದು ಹೆಸರಿಟ್ಟರು.

ಜರ್ಮನಿಯಲ್ಲಿ ಶೇ. ಅರ್ಧದ ಕಂತಿಗೆ ಆಗದ ರಾಜಿ ಅದು.

ಏನೇ ಆಗಲಿ, ಹಿಟ್ಲರ್ ನಿರುದ್ಯೋಗ ನೀಗಿಸಿದನಲ್ಲ?

ಕೆಲಸ ಹೆಚ್ಚಾದದ್ದು ನಿಜ. ಆದರೆ ಕೆಲಸ ಕೊಡುವ ಯೋಜನೆಗಳಿಗೆ ಹಿಂದಿನ ಸರ್ಕಾರಗಳೇ ದುಡ್ಡು ಇಟ್ಟಿದ್ದವು. ಹೆದ್ದಾರಿ ಅವನದೇ ಕಲ್ಪನೆ ಅನ್ನುತ್ತಾರೆ, ಕಲೋನ್-ಬಾನ್ ಹೆದ್ದಾರಿ 1932ರ ಆಗಸ್ಟ್‌ನಲ್ಲೇ ಉದ್ಘಾಟನೆಯಾಗಿತ್ತು. ಕೆಲಸ ಬಿಡಿಸಿದ ಯಹೂದಿಗಳು, ಮನೆಗೆ ಕಳಿಸಿದ ಹೆಂಗಸರು ನಿರುದ್ಯೋಗದ ಪಟ್ಟಿಯಲ್ಲಿ ಬರುತ್ತಿರಲಿಲ್ಲ. 1935ರಿಂದ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆದರು. ಕಾರ್ಮಿಕ ಸಂಘಗಳನ್ನು 1933ರ ಮೇ 2ರಂದೇ ಮುಚ್ಚಿಸಿದ್ದರಿಂದ ಕೂಲಿ ಏರಿಸಿ ಎಂದು ಕೇಳುವವರೂ ಇರಲಿಲ್ಲ.

ಉಳಿದದ್ದು ಶಸ್ತ್ರಾಸ್ತ್ರದ ಖರ್ಚು. ಬಜೆಟ್ಟಿನಲ್ಲಿ ಕಾಣದ ಹಾಗೆ, ಮೆಫೋ ಎಂಬ ಹೆಸರಿಗಷ್ಟೇ ಇದ್ದ ಕಂಪನಿಯ ಹುಂಡಿಗಳ ಮೂಲಕ 1,200 ಕೋಟಿ ಮಾರ್ಕ್ ಸಾಲ ಎತ್ತಿದರು. ಜನರ ಉಳಿತಾಯ ಖಾತೆಯ ದುಡ್ಡನ್ನೂ ಅವರಿಗೆ ಹೇಳದೆ ಯುದ್ಧಕ್ಕೆ ತಿರುಗಿಸಿದರು. ವಾರಕ್ಕೆ 5 ಮಾರ್ಕ್ ಕಟ್ಟಿ, ಕೊನೆಗೆ ಕಾರು ಪಡೆಯಿರಿ ಎಂದು ಒಂದು ಯೋಜನೆ ಮಾಡಿದರು. 3 ಲಕ್ಷಕ್ಕೂ ಹೆಚ್ಚು ಜನ ಕಟ್ಟಿದರು. ಆ ಯೋಜನೆಯಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ, ಕಾರ್ಖಾನೆ ಸೈನ್ಯದ ವಾಹನ ತಯಾರಿಸುತ್ತಿತ್ತು.

1948ರ ಜೂನ್‌ನಲ್ಲಿ ಜರ್ಮನಿಯ ಪಶ್ಚಿಮ ಭಾಗದಲ್ಲಿ ಮತ್ತೆ ಹೊಸ ಹಣ ಬಂತು. ಬ್ಯಾಂಕಿನಲ್ಲಿ 100 ಹಳೇ ಮಾರ್ಕ್ ಇಟ್ಟಿದ್ದವರಿಗೆ ಕೊನೆಗೆ ಸಿಕ್ಕದ್ದು ಆರೂವರೆ ಹೊಸ ಮಾರ್ಕ್. 1923ರಲ್ಲಿ ಮಗಳ ಮದುವೆಯ ದುಡ್ಡು ಕಳೆದುಕೊಂಡು, ಮತ್ತೆ ಮೊದಲಿನಿಂದ ಕೂಡಿಡಲು ಶುರು ಮಾಡಿದ್ದ ಗುಮಾಸ್ತರಲ್ಲಿ ಆಗ ಬದುಕಿದ್ದವರಿಗೂ ಅಷ್ಟೇ.